ಫೋನ್ ಮಾಡಿ "ಸ್ಟೇಷನ್‌ಗೆ ಬಂದು ಹೋಗು" ಅಂದರೆ ಹೋಗಲೇಬೇಕಾ? ತಮ್ಮನನ್ನು ಎರಡು ದಿನ ಕೂರಿಸಿದ್ದಾರೆ

ನಾಲೆ ಏರಿ · ಮಂಗಳವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಊರಿನ ಹೆಸರು, ಠಾಣೆಯ ಹೆಸರು ಹಾಕುವುದಿಲ್ಲ. ತಪ್ಪು ತಿಳಿಯಬೇಡಿ.

ನಮ್ಮ ಕಡೆ ಪಂಪ್‌ಸೆಟ್ ಕೇಬಲ್ ಕಳ್ಳತನ ಜಾಸ್ತಿಯಾಗಿದೆ. ರಾತ್ರಿ ಬಂದು ಕತ್ತರಿಸಿಕೊಂಡು ಹೋಗಿ, ಸುಟ್ಟು, ಒಳಗಿನ ತಾಮ್ರ ಮಾರುತ್ತಾರೆ. ನಮ್ಮ ಗದ್ದೆಯದ್ದೂ ಒಂದು ಹೋಗಿದೆ. ನನ್ನ ತಮ್ಮನಿಗೆ 24 ವರ್ಷ. ಆಲೆಮನೆಯಲ್ಲಿ ಕೆಲಸ. ಸರಿರಾತ್ರಿಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಬರುವುದನ್ನು ಯಾರೋ ನೋಡಿದ್ದಾರಂತೆ. ಅಷ್ಟೇ.

ಸೋಮವಾರ ಬೆಳಿಗ್ಗೆ ಫೋನ್ ಬಂತು. "ಸ್ಟೇಷನ್‌ಗೆ ಬಂದು ಹೋಗು, ಸ್ವಲ್ಪ ಕೇಳೋದಿದೆ" ಅಂದರು. ಹೋದ. ರಾತ್ರಿ ಹತ್ತೂವರೆಗೆ ಬಿಟ್ಟರು. ಕೇಳಿದ್ದು ಅರ್ಧ ಗಂಟೆ ಇರಬಹುದು. ಮಿಕ್ಕ ಹೊತ್ತೆಲ್ಲ ಬೆಂಚಿನ ಮೇಲೆ. ಫೋನ್ ತೆಗೆದಿಟ್ಟುಕೊಂಡರು. ಇವತ್ತು ಮತ್ತೆ ಕರೆದು ಸಂಜೆವರೆಗೆ ಕೂರಿಸಿ, ಎರಡು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ. ಬಿಡುವಾಗ "ಗುರುವಾರ ನಿಮ್ಮಪ್ಪನನ್ನೂ ಕರ್ಕೊಂಡು ಬಾ" ಅಂದಿದ್ದಾರೆ.

ಅಪ್ಪನಿಗೆ 66. ಮಂಡಿನೋವು. ಜೀವನದಲ್ಲಿ ಠಾಣೆ ಮೆಟ್ಟಿಲು ಹತ್ತಿದವರಲ್ಲ. ಇವತ್ತು ಊಟ ಮುಟ್ಟದೆ ಮಲಗಿದ್ದಾರೆ.

ಬಂಧಿಸಿದ್ದೀರಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಹಾಗಾದರೆ ಮನೆಗೆ ಕಳಿಸಿ ಅಂದರೆ ಅದೂ ಇಲ್ಲ. ಹಾಗಾದರೆ ಇದಕ್ಕೆ ಏನನ್ನಬೇಕು? ಕೇಳಿದ್ದಕ್ಕೆಲ್ಲ ತಮ್ಮ ಉತ್ತರ ಕೊಡುತ್ತಾನೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ನಮಗೆ ಯಾವ ಹಕ್ಕೂ ಇಲ್ಲವಾ?

ಕಬ್ಬಿನ ಗದ್ದೆ · ಮಂಗಳವಾರ, ರಾತ್ರಿ 11:48

ಅಕ್ಕ, ಮನಸ್ಸಿಗೆ ಬೇಜಾರಾಯಿತು. ಆದರೆ ಒಂದು ಮಾತು. ಠಾಣೆಗೆ ಹೋಗಿ ಕಾನೂನು ಮಾತಾಡಬೇಡಿ. ನಮ್ಮೂರಿನಲ್ಲಿ ಒಬ್ಬ ಹುಡುಗ ಹಾಗೆ ಮಾತಾಡಿ, ಇದ್ದ ಒಂದು ಕೇಸು ಎರಡಾಯಿತು. ಪಂಚಾಯಿತಿ ಮೆಂಬರನ್ನೋ, ಗೊತ್ತಿರುವ ಮುಖಂಡರನ್ನೋ ಕರೆದುಕೊಂಡು ಹೋಗಿ ಸಮಾಧಾನವಾಗಿ ಮುಗಿಸಿಕೊಳ್ಳಿ.

ಚಾಮರಾಜಪುರಂ ವಕೀಲ · ಬುಧವಾರ, ಬೆಳಿಗ್ಗೆ 6:35

ಮೈಸೂರಿನ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುತ್ತೇನೆ. ಮೊದಲು ಅಪ್ಪಾಜಿಗೆ ಊಟ ಮಾಡಿಸಿ. ಗುರುವಾರ ಅವರು ಠಾಣೆಗೆ ಹೋಗಬೇಕಾಗಿಲ್ಲ.

ಯಾಕೆ ಅಂದರೆ, 2024ರ ಜುಲೈ 1ರಿಂದ ತನಿಖೆ, ಬಂಧನ ಹೇಗೆ ನಡೆಯಬೇಕು ಅಂತ ಹೇಳುತ್ತಿದ್ದ ಹಳೇ ಕಾನೂನು ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 179ನೇ ಕಲಂ ಸಾಕ್ಷಿಗಳನ್ನು ಕರೆಸುವ ಬಗ್ಗೆ ಹೇಳುತ್ತದೆ. ಕರೆಯುವ ಆದೇಶ ಬರವಣಿಗೆಯಲ್ಲೇ ಇರಬೇಕು. 60 ವರ್ಷ ದಾಟಿದವರನ್ನು, 15 ವರ್ಷದ ಒಳಗಿನ ಹುಡುಗರನ್ನು, ಹೆಂಗಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಅವರ ಮನೆ ಬಿಟ್ಟು ಬೇರೆ ಕಡೆಗೆ ಬರಲೇಬೇಕು ಅನ್ನುವಂತಿಲ್ಲ. ತಾವೇ ಒಪ್ಪಿ ಹೋದರೆ ಬೇರೆ ಮಾತು. ಅಪ್ಪಾಜಿಗೆ 66. ಕೇಳುವುದಿದ್ದರೆ ಪೊಲೀಸರೇ ಮನೆಗೆ ಬಂದು ಕೇಳಬೇಕು. ಇದು ನೀವು ಬೇಡುವ ಉಪಕಾರವಲ್ಲ.

ಈಗ ತಮ್ಮನ ವಿಷಯ. ಅವನ ಮೇಲೆ ಅನುಮಾನ ಇದೆ ಅಂತಲೇ ಇಟ್ಟುಕೊಳ್ಳೋಣ. ಮಾಮೂಲಿ ಕಳ್ಳತನಕ್ಕೆ, ಮೊದಲ ಸಲವಾದರೆ, ಹೆಚ್ಚೆಂದರೆ 3 ವರ್ಷ ಶಿಕ್ಷೆ. ಏಳು ವರ್ಷದವರೆಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ ಅನುಮಾನ ಬಂದ ಕೂಡಲೇ ಹಿಡಿದು ಹಾಕುವಂತಿಲ್ಲ. ಬಂಧನ ಯಾಕೆ ಬೇಕು ಅನ್ನುವುದಕ್ಕೆ ಕಾರಣ ಬರೆದಿಡಬೇಕು. ಬೇಡ ಅನಿಸಿದರೆ 35(3)ನೇ ಕಲಂ ಪ್ರಕಾರ ಹಾಜರಾಗು ಅಂತ ನೋಟಿಸ್ ಕೊಡಬೇಕು. ಹಳೇ ಕಾನೂನಿನಲ್ಲಿ ಇದೇ 41ಎ. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟು ಮಾಡಿತು. ಆ ನೋಟಿಸ್ ವಾಟ್ಸಾಪಿನಲ್ಲಿ ಬಂದರೂ ನಡೆಯುವುದಿಲ್ಲ ಅಂತ 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ವಾಟ್ಸಾಪೇ ಸಾಲದು ಅಂದಮೇಲೆ ಬರೀ ಫೋನ್ ಕರೆ ಎಲ್ಲಿ ಸಾಕಾಗುತ್ತದೆ?

ಒಂದು ಎಚ್ಚರಿಕೆ. ನೋಟಿಸ್ ಕೈಗೆ ಬಂತು ಅಂದರೆ ಹೋಗಲೇಬೇಕು. ಅದನ್ನು ತಪ್ಪಿಸಿದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ.

ನಾಲೆ ಏರಿ · ಬುಧವಾರ, ಬೆಳಿಗ್ಗೆ 7:10

ಸರ್, ಓದಿ ಹೇಳಿದೆ. ಅಪ್ಪ ಎದ್ದು ಕೂತು ಕಾಫಿ ಕುಡಿದರು. ಆ ಖಾಲಿ ಹಾಳೆ? ನನಗೆ ಅದೇ ಭಯ. ಆಮೇಲೆ ಫೋನ್?

ಚಾಮರಾಜಪುರಂ ವಕೀಲ · ಬುಧವಾರ, ಬೆಳಿಗ್ಗೆ 7:42

ತನಿಖೆಯಲ್ಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಬರೆದುಕೊಂಡರೂ, ಹೇಳಿದವರಿಂದ ಅದಕ್ಕೆ ಸಹಿ ಹಾಕಿಸುವಂತಿಲ್ಲ. 181ನೇ ಕಲಂ. ಬರೆದ ಹಾಳೆಗೇ ಸಹಿ ಬೇಡ ಅಂತ ಕಾನೂನು ಹೇಳುವಾಗ ಖಾಲಿ ಹಾಳೆಗೆ ಯಾವ ಲೆಕ್ಕದಲ್ಲಿ ಹಾಕಿಸಿದರು? ಪೊಲೀಸರ ಮುಂದೆ "ನಾನೇ ಮಾಡಿದೆ" ಅಂದದ್ದು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯೂ ಆಗುವುದಿಲ್ಲ. ಆದರೂ ಖಾಲಿ ಹಾಳೆ ಖಾಲಿ ಹಾಳೆಯೇ. ಅದು ಮುಂದೆ ಮಹಜರು, ಅಂದರೆ ಇಂಥದ್ದು ಇಲ್ಲಿ ಸಿಕ್ಕಿತು ಅಂತ ಸಾಕ್ಷಿಗಳ ಮುಂದೆ ಬರೆಯುವ ಪತ್ರ, ಆಗಬಹುದು. ಸಹಿ ಹಾಕಿಸಿಕೊಂಡ ದಿನ, ಹೊತ್ತು, ಹಾಳೆ ಎಷ್ಟು, ಇಷ್ಟನ್ನೂ ಇವತ್ತೇ ಬರೆದು ಎಸ್‌ಪಿ ಕಚೇರಿಗೆ ತಲುಪಿಸಿ. ತಡವಾದಷ್ಟೂ "ಈಗ ಯಾಕೆ ಹೇಳುತ್ತಿದ್ದೀರಿ" ಅನ್ನುವ ಪ್ರಶ್ನೆ ಬರುತ್ತದೆ.

ಫೋನ್ ಜಪ್ತಿ ಮಾಡುವುದಾದರೆ ಪಟ್ಟಿ ಬರೆಯಬೇಕು, ಸಾಕ್ಷಿಗಳ ಸಹಿ ಇರಬೇಕು. ಹೊಸ ಸಂಹಿತೆಯ 105ನೇ ಕಲಂ ಪ್ರಕಾರ ಅದರ ವಿಡಿಯೋ ಕೂಡ ಆಗಬೇಕು. ಸುಮ್ನೆ ಮೇಜಿನ ಡ್ರಾಯರಿಗೆ ಹಾಕಿಕೊಳ್ಳುವಂತಿಲ್ಲ.

ಹಳೇ ಹೆಡ್ · ಬುಧವಾರ, ಬೆಳಿಗ್ಗೆ 9:05

ಇಲಾಖೆಯಲ್ಲಿ ಇದ್ದು ನಿವೃತ್ತನಾದವನು ನಾನು. ಹೆಡ್ ಕಾನ್ಸ್‌ಟೇಬಲ್ ಆಗಿದ್ದೆ. ಪೊಲೀಸರ ಕಡೆಯ ಮಾತನ್ನೂ ಒಂದಿಷ್ಟು ಕೇಳಿಸಿಕೊಳ್ಳಿ.

ಒಂದು ಠಾಣೆಗೆ ಹತ್ತಾರು ಹಳ್ಳಿ. ಜಾತ್ರೆ ಬಂದೋಬಸ್ತು, ವಿಐಪಿ ಬಂದೋಬಸ್ತು, ಕಾವೇರಿ ಗಲಾಟೆ ಬಂದರೆ ಹೆದ್ದಾರಿಯಲ್ಲೇ ವಾಸ. ಕೇಬಲ್ ಕಳ್ಳತನದ ದೂರು ಬಂದರೆ ರೈತರು ದಿನಾ ಬಂದು ಏನಾಯಿತು ಅನ್ನುತ್ತಾರೆ. ಮೇಲಿನವರು ಪತ್ತೆ ಎಷ್ಟು ಅನ್ನುತ್ತಾರೆ. ಆಗ ಅನುಮಾನ ಬಂದವರನ್ನು ಕರೆದು ಕೂರಿಸುವುದು ನಡೆದುಬಂದ ಪದ್ಧತಿ. ಕೂರಿಸಿದರೆ ಹೆದರಿ ಬಾಯಿ ಬಿಡುತ್ತಾನೆ ಅನ್ನುವ ನಂಬಿಕೆ.

ನಾನೂ ಕೂರಿಸಿದ್ದೇನೆ. ಒಮ್ಮೆ ಒಬ್ಬ ಕೂಲಿ ಹುಡುಗನನ್ನು ಸಾಹೇಬರು ಬರುವವರೆಗೆ ಇರಲಿ ಅಂತ ಕೂರಿಸಿದ್ದೆ. ಸಾಹೇಬರು ಬಂದೋಬಸ್ತಿನಿಂದ ಬಂದದ್ದು ರಾತ್ರಿ. ಅವನು ಬೆಳಿಗ್ಗೆಯಿಂದ ಒಂದು ಲೋಟ ನೀರು ಕೇಳಲೂ ಹೆದರಿ ಕೂತಿದ್ದ. ಆಮೇಲೆ ಕಳ್ಳ ಬೇರೆಯವನು ಅಂತ ಗೊತ್ತಾಯಿತು. ಆ ಹುಡುಗನ ಮುಖ ನನಗೆ ಈಗಲೂ ನೆನಪಿದೆ. ಆ ದಿನದ ಠಾಣಾ ದಿನಚರಿಯಲ್ಲಿ ಅವನ ಹೆಸರೇ ಇರಲಿಲ್ಲ. ಬರೆಯಬೇಕಾದವನು ನಾನೇ.

ಆದ್ದರಿಂದ ಅಮ್ಮ, ಒಂದು ಒಳಗಿನ ಮಾತು ಹೇಳುತ್ತೇನೆ. ಠಾಣೆಯಲ್ಲಿ ಕೂಗಾಡಿದರೆ ಏನೂ ಆಗುವುದಿಲ್ಲ. ಬರೆದ ಅರ್ಜಿ ಕೊಟ್ಟು, ಸೀಲ್ ಹಾಕಿದ ಸ್ವೀಕೃತಿ ಕೇಳಿ, ಸುಮ್ಮನೆ ನಿಂತುಕೊಳ್ಳಿ. ಕಾಗದ ಒಳಗೆ ಬಂತು ಅಂದರೆ ಅದಕ್ಕೆ ಯಾರಾದರೂ ಉತ್ತರ ಹೇಳಲೇಬೇಕು. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ.

ಕಬ್ಬಿನ ಗದ್ದೆ · ಬುಧವಾರ, ಬೆಳಿಗ್ಗೆ 9:30

ಹೆಡ್ ಸಾಹೇಬ್ರೆ, ನೀವು ಹೇಳಿದ್ದು ಕೇಳಿ ಗೌರವ ಬಂತು. ಆದರೆ ಇದೆಲ್ಲ ಓದಿದವರಿಗೆ ಆಗುತ್ತದೆ. ನಮ್ಮ ಹಳ್ಳಿಯವರು ಹೋಗಿ ಸ್ವೀಕೃತಿ ಕೊಡಿ ಅಂದರೆ "ದೊಡ್ಡ ಲಾಯರ್ ಆಗ್ಬಿಟ್ಯಾ" ಅನ್ನುತ್ತಾರೆ. ಮುಖಂಡರು ಇದ್ದರೆ ಕುರ್ಚಿ ಕೊಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಗಂಗೋತ್ರಿ ಹುಡುಗಿ · ಬುಧವಾರ, ಮಧ್ಯಾಹ್ನ 1:15

ಅಣ್ಣ, ಮುಖಂಡರು ಬಂದರೆ ಕುರ್ಚಿ ಸಿಗುತ್ತದೆ, ನಿಜ. ಆದರೆ ಮುಖಂಡರು ಇಲ್ಲದವರ ಗತಿ? ಮುಖಂಡರೇ ನಿಮ್ಮ ಎದುರು ಪಾರ್ಟಿ ಆದರೆ? ಉಪಕಾರ ಮಾಡಿದವರಿಗೆ ಚುನಾವಣೆ ಬಂದಾಗ ತಲೆ ಬಗ್ಗಿಸಬೇಕಲ್ವಾ? ನಾನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ನನಗೆ ತುಂಬಾ ಹತ್ತಿರವಾದ ಎರಡು ಪ್ರಕರಣ ಹೇಳುತ್ತೇನೆ.

ಮೊದಲನೆಯದು ನಾಲೆ ಏರಿ ಅಕ್ಕನ ಮನೆಯ ಕಥೆಯೇ. 1994ರ ಜನವರಿಯಲ್ಲಿ ಗಾಜಿಯಾಬಾದಿನಲ್ಲಿ ಜೋಗಿಂದರ್ ಕುಮಾರ್ ಅನ್ನುವ 28 ವರ್ಷದ ವಕೀಲನನ್ನು ವಿಚಾರಣೆಗೆ ಅಂತ ಕರೆದರು. ಐದು ದಿನ ಬಿಡಲಿಲ್ಲ. ಮನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಆಗ ಪೊಲೀಸರು ಏನು ಹೇಳಿದರು ಗೊತ್ತಾ? ಅವನನ್ನು ಬಂಧಿಸಿಯೇ ಇಲ್ಲ, ಕೆಲವು ಕೇಸುಗಳ ಪತ್ತೆಗೆ ಅವನ ಸಹಾಯ ಪಡೆದೆವು ಅಂತ. ಬಂಧಿಸುವ ಅಧಿಕಾರ ಇರುವುದು ಬೇರೆ, ಆ ಅಧಿಕಾರ ಬಳಸುವುದಕ್ಕೆ ಸಮರ್ಥನೆ ಇರುವುದು ಬೇರೆ ಅಂತ ಕೋರ್ಟ್ ಅವತ್ತು ಹೇಳಿತು. ಕಾನೂನು ಗೊತ್ತಿದ್ದ ವಕೀಲನಿಗೇ ಐದು ದಿನ. ಆಲೆಮನೆ ಹುಡುಗನ ಪಾಡೇನು?

ಎರಡನೆಯದು ಡಿ.ಕೆ. ಬಸು. ಅವರು ಪಶ್ಚಿಮ ಬಂಗಾಳದಲ್ಲಿ ಬಡವರಿಗೆ ಕಾನೂನು ನೆರವು ಕೊಡುವ ಸಂಸ್ಥೆಯಲ್ಲಿದ್ದವರು. ಪೊಲೀಸ್ ವಶದಲ್ಲಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಓದಿ, 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಪತ್ರದ ಜೊತೆ ಸುದ್ದಿಯ ತುಣುಕುಗಳನ್ನು ಇಟ್ಟರು. ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ, ಅಂದರೆ ಹಕ್ಕು ಕಾಪಾಡಿ ಅಂತ ನೇರವಾಗಿ ಹಾಕುವ ಅರ್ಜಿಯಾಗಿ, ತೆಗೆದುಕೊಂಡಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು, 11 ಸೂಚನೆಗಳ ಜೊತೆ. ಬಂಧಿಸುವವರ ಎದೆ ಮೇಲೆ ಹೆಸರು ಕಾಣಬೇಕು. ಬಂಧನದ ಹೊತ್ತು, ದಿನ ಬರೆದ ಪತ್ರ ಸಿದ್ಧವಾಗಬೇಕು. ಅದಕ್ಕೆ ಮನೆಯವರೋ ಊರಿನ ಮರ್ಯಾದಸ್ಥರೋ ಸಾಕ್ಷಿ ಹಾಕಬೇಕು. ಮನೆಯವರಿಗೆ ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಕಾಣಲು ಬಿಡಬೇಕು. ಇವತ್ತಿನ ಸಂಹಿತೆಯಲ್ಲಿ 36, 38, 48ನೇ ಕಲಂಗಳಲ್ಲಿ ಇರುವುದು ಇದೇ ಮಾತುಗಳು. ಇಷ್ಟೆಲ್ಲ ಒಂದು ಪತ್ರದಿಂದ ಆಯಿತು. ಅದಕ್ಕೇ ಅಕ್ಕ, ಹೆಡ್ ಸರ್ ಹೇಳಿದಂತೆ ಅರ್ಜಿ ಬರೆಯಿರಿ.

ಅಂಗನವಾಡಿ ಟೀಚರ್ · ಬುಧವಾರ, ಸಂಜೆ 4:50

ಇದನ್ನೆಲ್ಲ ಓದುತ್ತಾ ಕೈ ನಡುಗಿತು. ಮೂರು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಒಂದು ಜಗಳವಾಯಿತು. ನಾನು ನೋಡಿದ್ದೆ ಅಂತ ಸಂಜೆ ಏಳಕ್ಕೆ ಠಾಣೆಗೆ ಕರೆದರು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದೆ. ಒಬ್ಬರೂ ಹೆಣ್ಣು ಪೊಲೀಸರು ಇರಲಿಲ್ಲ. ಒಂಬತ್ತೂವರೆಗೆ ಕಳಿಸಿದರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ಮರುದಿನ ಊರಿನಲ್ಲಿ ಎಷ್ಟು ಮಾತು! ಹೆಂಗಸರನ್ನು ಮನೆಯಲ್ಲೇ ಕೇಳಬೇಕು ಅನ್ನುವ ಕಾನೂನು ಇದೆ ಅಂತ ನನಗೆ ಗೊತ್ತಾದದ್ದು ಇವತ್ತು.

ಚಾಮರಾಜಪುರಂ ವಕೀಲ · ಬುಧವಾರ, ಸಂಜೆ 6:20

ಟೀಚರಮ್ಮ, ಆ ಕಾನೂನು ಹಳೆಯದು. ಒಡಿಶಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿ ಅವರನ್ನೇ 1977ರಲ್ಲಿ ಕಟಕ್‌ನ ಠಾಣೆಗೆ ಬರಲು ಹೇಳಿದ್ದರು. ಹೆಣ್ಣುಮಗಳನ್ನು ಠಾಣೆಗೆ ಕರೆಸಿದ್ದು ತಪ್ಪು ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ ಕೋರ್ಟಿನ ಕಟಕಟೆಯಲ್ಲಿ ಮಾತ್ರವಲ್ಲ, ಪೊಲೀಸರ ಪ್ರಶ್ನೆ ಎದುರಿಸುವಾಗಲೂ ಅನ್ವಯಿಸುತ್ತದೆ ಅಂತಲೂ ಅದೇ ತೀರ್ಪಿನಲ್ಲಿದೆ. ಇನ್ನು ಬಂಧನ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು.

ಮದ್ದೂರು ಮೇಷ್ಟ್ರು · ಬುಧವಾರ, ರಾತ್ರಿ 8:40

ಇತಿಹಾಸ ಪಾಠ ಮಾಡುತ್ತಿದ್ದವನು ನಾನು, ಕಾನೂನಿನವನಲ್ಲ. ಕಬ್ಬಿನ ಗದ್ದೆ ಅವರ "ಇದೆಲ್ಲ ಓದಿದವರಿಗೆ" ಅನ್ನುವ ಮಾತು ಮನಸ್ಸಿಗೆ ನಾಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರು-ಬೆಂಗಳೂರು ರಸ್ತೆಯಲ್ಲಿ ಮದ್ದೂರಿನ ಹತ್ತಿರ ಶಿವಪುರದ ಸತ್ಯಾಗ್ರಹ ಸೌಧ ಎಲ್ಲರೂ ನೋಡಿರುತ್ತೀರಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಧ್ವಜ ಹಾರಿಸಬಾರದು ಅಂತ ಸರ್ಕಾರದ ನಿಷೇಧಾಜ್ಞೆ ಇತ್ತು. ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಜನ ಸೇರಿದರು, ಆಜ್ಞೆ ಮೀರಿದರು, ಸಿದ್ದಲಿಂಗಯ್ಯನವರ ಬಂಧನವಾಯಿತು. ಸೇರಿದವರಲ್ಲಿ ಬಹಳ ಜನ ನಮ್ಮ ಸುತ್ತಿನ ರೈತರೇ. ಓದಿದವರು ಎಷ್ಟು ಮಂದಿ ಇದ್ದಾರು?

ಮುಂದೆ ಅದೇ ಸಿದ್ದಲಿಂಗಯ್ಯನವರು ಮೈಸೂರು ಸಂಸ್ಥಾನದ ಪ್ರತಿನಿಧಿಯಾಗಿ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಆ ಸಭೆಯಲ್ಲಿ ಬಂಧನದ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಕಾನೂನು ಹೇಳಿದ ವಿಧಾನದಂತೆ ಯಾರ ಸ್ವಾತಂತ್ರ್ಯವನ್ನಾದರೂ ಕಸಿಯಬಹುದು ಅನ್ನುವಂತೆ ಒಂದು ವಿಧಿ ಇತ್ತು. ಅದೇ ಈಗಿನ 21. ಇದು ಸಾಲದು, ಶಾಸಕಾಂಗ ಎಂಥ ಕಾನೂನು ಬೇಕಾದರೂ ಮಾಡಬಹುದಲ್ಲ ಅಂತ ಸದಸ್ಯರು ಅಸಮಾಧಾನಪಟ್ಟರು. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರರು ಹೊಸದಾಗಿ 15ಎ ಅನ್ನುವ ವಿಧಿ ತಂದರು. ಮೊದಲಿನ ವಿಧಿಯಿಂದ ಆದ ಕೊರತೆಯನ್ನು ತುಂಬಿಕೊಡಲು ಇದು ಅಂತ ಅವರೇ ಹೇಳಿದರು. ಅದೇ ಈಗಿನ 22ನೇ ವಿಧಿ. ಬಂಧಿಸಿದವರಿಗೆ ಕಾರಣ ಹೇಳಬೇಕು, ಇಷ್ಟದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಠಾಣೆಯ ಒಳಗೆ ಹೋಗಿ ಬಂದವರು ಬರೆದ ಮಾತು ಅದು ಅಂತ ನನಗೆ ಓದಿದಾಗಲೆಲ್ಲ ಅನಿಸುತ್ತದೆ. ಆ ಸಭೆಯಲ್ಲಿದ್ದ ಎಷ್ಟೋ ಜನ ಜೈಲು ಕಂಡವರು.

ಕಬ್ಬಿನ ಗದ್ದೆ · ಬುಧವಾರ, ರಾತ್ರಿ 9:02

ಮೇಷ್ಟ್ರೆ, ಆ ಸೌಧದ ಮುಂದೆ ದಿನಾ ಟೆಂಪೋದಲ್ಲಿ ಹೋಗುತ್ತೇನೆ. ಇದು ಗೊತ್ತಿರಲಿಲ್ಲ. ವಕೀಲರೇ, ಅರ್ಜಿ ಹೇಗೆ ಬರೆಯಬೇಕು ಅಂತ ಇಲ್ಲೇ ಹಾಕಿಬಿಡಿ. ನಮಗೂ ಬೇಕಾಗುತ್ತದೆ.

ಚಾಮರಾಜಪುರಂ ವಕೀಲ · ಬುಧವಾರ, ರಾತ್ರಿ 9:50

ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ, ಕನ್ನಡದಲ್ಲಿ. ಎರಡು ಪ್ರತಿ.

"ಠಾಣಾಧಿಕಾರಿಗಳಿಗೆ. ನನ್ನ ತಮ್ಮನನ್ನು ಸೋಮವಾರ ಬೆಳಿಗ್ಗೆ ಇಷ್ಟು ಗಂಟೆಯಿಂದ ರಾತ್ರಿ 10:30ರವರೆಗೆ, ಮಂಗಳವಾರ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಠಾಣೆಯಲ್ಲಿ ಇರಿಸಿಕೊಂಡಿರುತ್ತೀರಿ. ಲಿಖಿತ ನೋಟಿಸ್ ಕೊಟ್ಟಿರುವುದಿಲ್ಲ. ಮೊಬೈಲ್ ಪಡೆದಿದ್ದಕ್ಕೆ ಪಟ್ಟಿ ಕೊಟ್ಟಿರುವುದಿಲ್ಲ. ಎರಡು ಖಾಲಿ ಹಾಳೆಗೆ ಸಹಿ ಪಡೆದಿದ್ದು, ಅವನ್ನು ಹಿಂದಿರುಗಿಸಬೇಕು. ಅವನು ತನಿಖೆಗೆ ಸಹಕರಿಸಲು ಸಿದ್ಧನಿದ್ದು, 35(3) ಅಥವಾ 179ನೇ ಕಲಂ ಪ್ರಕಾರ ನೋಟಿಸ್ ಕೊಟ್ಟರೆ ವಕೀಲರ ಜೊತೆ ಹಾಜರಾಗುತ್ತಾನೆ. ನಮ್ಮ ತಂದೆಗೆ 66 ವರ್ಷವಾಗಿದ್ದು, ಅವರ ಹೇಳಿಕೆಯನ್ನು ಮನೆಯಲ್ಲಿ ಪಡೆಯಬೇಕು. ಈ ಎರಡು ದಿನಗಳ ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಬೇಕು."

ಸಿಸಿಟಿವಿ ಸಾಲನ್ನು ಬಿಡಬೇಡಿ. 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಆಗದಿದ್ದರೆ ಕೊನೆಪಕ್ಷ ಒಂದು ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿಯ ಇನ್ನೊಂದು ಪ್ರತಿಯನ್ನು ಎಸ್‌ಪಿ ಅವರಿಗೆ ಕಳಿಸಿ.

ವಕೀಲರ ಫೀಸಿಗೆ ಕಷ್ಟ ಅನ್ನುವವರು 15100ಕ್ಕೆ ಫೋನ್ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ನಂಬರು. ಮಂಡ್ಯದಲ್ಲೂ ಮೈಸೂರಿನಲ್ಲೂ ಜಿಲ್ಲಾ ಪ್ರಾಧಿಕಾರ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ವಶದಲ್ಲಿ ಇರುವವರು, ಇವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ದುಡ್ಡಿಲ್ಲ ಅಂತ ಒಬ್ಬರೇ ಹೋಗಬೇಡಿ.

ನಾಲೆ ಏರಿ · ಗುರುವಾರ, ರಾತ್ರಿ 9:15

ಅರ್ಜಿ ಕೊಟ್ಟೆ. ಅಂಗನವಾಡಿ ಟೀಚರ್ ನಂಬರ್ ಕೇಳಿ ಫೋನ್ ಮಾಡಿ ಧೈರ್ಯ ಹೇಳಿದರು. ಮಂಡ್ಯದಿಂದ ಒಬ್ಬರು ವಕೀಲೆ ಬಂದಿದ್ದರು.

ಮೊದಲು ತೆಗೆದುಕೊಳ್ಳಲಿಲ್ಲ. "ಇದೆಲ್ಲ ಯಾಕೆ, ನಾವೇನು ಹೊಡೆದಿದ್ದೀವಾ" ಅಂದರು. ಹೆಡ್ ಸರ್ ಹೇಳಿದಂತೆ ಸುಮ್ಮನೆ ನಿಂತೆ. ಮುಕ್ಕಾಲು ಗಂಟೆ. ವಕೀಲೆ "ತೆಗೆದುಕೊಳ್ಳುವುದಿಲ್ಲ ಅಂತ ಹಿಂಬರಹ ಬರೆದುಕೊಡಿ" ಅಂದರು. ಆಮೇಲೆ ಸೀಲ್ ಬಿತ್ತು. ಅಪ್ಪ ಮನೆಯಲ್ಲೇ ಇದ್ದರು.

ಹಳೇ ಹೆಡ್ · ಗುರುವಾರ, ರಾತ್ರಿ 9:40

ಒಳ್ಳೆಯದಾಯಿತು ಅಮ್ಮ. ಆ ಸೀಲ್ ಬಿದ್ದ ಪ್ರತಿಯ ಫೋಟೋ ತೆಗೆದು ಇಬ್ಬರು ಮೂವರಿಗೆ ಕಳಿಸಿಡಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ.

ನಾಲೆ ಏರಿ · ಶನಿವಾರ, ರಾತ್ರಿ 8:05

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ನಿನ್ನೆ ಒಬ್ಬರು ಎಎಸ್‌ಐ, ಒಬ್ಬರು ಪಿಸಿ ಮನೆಗೆ ಬಂದರು. ಜಗಲಿ ಮೇಲೆ ಕೂತು ಅಪ್ಪನನ್ನು ಕೇಳಿದರು. ಕೇಬಲ್ ಯಾವತ್ತು ಹೋಯಿತು, ಎಷ್ಟು ಉದ್ದ, ಯಾರ ಮೇಲಾದರೂ ಅನುಮಾನವಾ ಅಂತ. ಇಪ್ಪತ್ತು ನಿಮಿಷ. ಅಪ್ಪನೇ ಅವರಿಗೆ ಎಳನೀರು ಕೆತ್ತಿ ಕೊಟ್ಟರು. ಸಹಿ ಕೇಳಲಿಲ್ಲ. ಇಷ್ಟಕ್ಕಾ ನನ್ನ ಅಪ್ಪ ಎರಡು ರಾತ್ರಿ ನಿದ್ದೆ ಬಿಟ್ಟದ್ದು ಅಂತ ಆಮೇಲೆ ಕೊಟ್ಟಿಗೆಯಲ್ಲಿ ನಿಂತು ಅತ್ತುಬಿಟ್ಟೆ.

ತಮ್ಮನಿಗೆ 35(3) ನೋಟಿಸ್ ಕೈಗೆ ಕೊಟ್ಟಿದ್ದಾರೆ. ಫೋನ್ ವಾಪಸ್ ಬಂತು. ಖಾಲಿ ಹಾಳೆ ಬಂದಿಲ್ಲ. ಅಂಥದ್ದು ಇಲ್ಲವೇ ಇಲ್ಲ ಅನ್ನುತ್ತಿದ್ದಾರೆ. ಎಸ್‌ಪಿ ಕಚೇರಿಗೆ ಕಳಿಸಿದ ಸ್ಪೀಡ್ ಪೋಸ್ಟಿನ ರಸೀದಿ ನನ್ನ ಹತ್ತಿರ ಇದೆ.

ಸೋಮವಾರ 11 ಗಂಟೆಗೆ ಹಾಜರಾಗಬೇಕು. ವಕೀಲೆ ಬರುತ್ತಾರೆ, ನಾನೂ ಹೋಗುತ್ತೇನೆ. ತಮ್ಮ ಈಗ ನೋಟಿಸ್ ಹಿಡಿದು ಮೂರನೇ ಸಲ ಓದುತ್ತಿದ್ದಾನೆ. "ಅಕ್ಕ, ಇದರಲ್ಲಿ ಟೈಮು ಬರೆದಿದ್ದಾರೆ, ಹೋದ ಹೊತ್ತು ಬಂದ ಹೊತ್ತು ನಾನೂ ಬರ್ಕೋತೀನಿ" ಅಂದ. ಆಲೆಮನೆಯಲ್ಲಿ ಕೊಪ್ಪರಿಗೆ ಲೆಕ್ಕ ಬರೆಯುವ ಪುಟ್ಟ ಪುಸ್ತಕವನ್ನು ಜೇಬಿಗೆ ಇಟ್ಟುಕೊಂಡಿದ್ದಾನೆ.